ಭಾವನ ಕೆಂಚಿ

ಗುರುವಾಯನಕೆರೆಯಲ್ಲಿ ಬಸ್ಸಿನಿಂದ ಇಳಿದು ಮೂಡಬಿದ್ರೆಯ ಕಡೆಗೆ ಮುಖಮಾಡಿ ನಾಲ್ಕು ಹೆಜ್ಜೆ ಹಾಕಿದರೆ ಎಡಗೈಗೆ ಒಂದು ಸಣ್ಣ ಹೋಟೆಲು ಸಿಗುತ್ತದೆ. ಬೋರ್ಡಿನಲ್ಲಿ ‘ಊಟ, ಚಾ, ಕೆಂಚಿ’ ಎಂದು ಬರೆದಿದೆ. ಊಟ ಗೊತ್ತು, ಚಾ ಗೊತ್ತು, ಈ ಕೆಂಚಿ ಯಾರು ಎಂದು ಹೊಸಬರು ಕೇಳುತ್ತಾರೆ. ಉಜಿರೆ ಕಾಲೇಜಿನ ಹುಡುಗರಂತೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಹೋಟೆಲಿನ ಯಜಮಾನ ಮುಂಡಪ್ಪ ಏನೂ ಹೇಳದೆ ಬಾಳೆಲೆಯ ತುದಿಗೆ ಕೆಂಪಗಿನ ಒಂದು ಚಮಚ ಬಡಿಸಿ ಅಲ್ಲೇ ನಿಂತುಕೊಳ್ಳುತ್ತಾರೆ. ತಿಂದವರ ಮುಖ ನೋಡದೆ ಅವರು ಆಚೆ ಹೋಗುವುದಿಲ್ಲ.

ಈ ಮುಂಡಪ್ಪ ನನ್ನ ಭಾವ, ನನ್ನ ಅಕ್ಕ ನೀಲಾವತಿಯ ಗಂಡ. ಕೆಂಚಿ ಎನ್ನುವುದು ಕೊರಿಯಾ ದೇಶದ ಉಪ್ಪಿನಕಾಯಿ. ಎಲೆಕೋಸಿಗೆ ಉಪ್ಪು, ಮೆಣಸು, ಬೆಳ್ಳುಳ್ಳಿ, ಶುಂಠಿ, ಒಣ ಸಿಗಡಿ ಹಚ್ಚಿ ಭರಣಿಯಲ್ಲಿ ಹುಳಿ ಬರಿಸಿದ್ದು. ಅಲ್ಲಿಯವರು ಅದನ್ನು ಕಿಮ್ಚಿ ಎನ್ನುತ್ತಾರಂತೆ. ಭಾವನ ಕಿವಿಗೆ ಕೆಂಚಿ ಎಂದು ಬಿತ್ತು. ಕೆಂಪು ದನವನ್ನು ಕೆಂಚಿ ಎಂದು ಕರೆಯುವ ಊರಿನವರಿಗೆ ಕೆಂಪು ಉಪ್ಪಿನಕಾಯಿಗೆ ಆ ಹೆಸರು ಸರಿಯಾಗಿಯೇ ಕಂಡಿರಬೇಕು. ಈ ಹೆಸರಿನ ದೆಸೆಯಿಂದ ನನ್ನ ಅಕ್ಕ ಆರು ತಿಂಗಳು ಗಂಡನ ಮನೆ ಬಿಟ್ಟು ಕೂತಿದ್ದಳು. ಊರಿನವರು ಇದನ್ನು ಭಾವನ ಕಥೆ ಎಂದು ಹೇಳಿಕೊಂಡು ನಗುತ್ತಾರೆ. ಅದರಲ್ಲಿ ನನ್ನ ಪಾಲು ಎಷ್ಟು ಎನ್ನುವುದು ಮನೆಯ ನಾಲ್ಕು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತಿರುವ ನಾನು ಇದನ್ನು ಬರೆಯುವುದು ಸುಖದ ಕೆಲಸವಲ್ಲ. ಆದರೂ ಬರೆಯುತ್ತೇನೆ.

ಭಾವನ ಮನೆ ವೇಣೂರಿನಲ್ಲಿ, ಹೊಳೆಯ ಹತ್ತಿರ. ಚಿಕ್ಕಂದಿನಿಂದಲೂ ಅವರ ಬಾಯಿಗೆ ಬೇಡ ಎನ್ನುವ ಶಬ್ದ ಬಂದದ್ದಿಲ್ಲ ಎಂದು ಅವರ ತಾಯಿಯೇ ಹೇಳುತ್ತಿದ್ದರು. ಅಕ್ಕನ ಅತ್ತೆಯಾದ ಅವರನ್ನು ನಾನೂ ನಮ್ಮ ರೂಢಿಯಂತೆ ಮಾಮಿ ಎಂದೇ ಕರೆಯುವುದು. ಕೆಂಪಿರುವೆಯ ಚಟ್ನಿ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದರೆಂದು ಈ ಮಹಾರಾಯರು ಎಂಟನೆಯ ವರ್ಷದಲ್ಲಿ ಮಾವಿನ ಮರ ಹತ್ತಿ, ಗೂಡಿಗೆ ಕೈಹಾಕಿ, ಕಣ್ಣು ಬಾತುಕೊಂಡು ಇಳಿದಿದ್ದರಂತೆ. ಬಾತ ಕಣ್ಣಿನಲ್ಲೇ ಕೂತು ಚಟ್ನಿ ಅರೆಸಿಕೊಂಡು ತಿಂದರಂತೆ. ದೊಡ್ಡವರಾದ ಮೇಲೆ ಮಿಲಿಟ್ರಿಗೆ ಸೇರಿದ್ದೂ ಬಂದೂಕಿನ ಆಸೆಯಿಂದಲ್ಲ. ಅಲ್ಲಿ ಅಡುಗೆಯವನ ಕೆಲಸ ಉಂಟು, ಬೇರೆ ಬೇರೆ ಊರಿನ ಊಟ ಕಾಣಬಹುದು ಎಂದು.

ಮದುವೆಯಾದ ಹೊಸತರಲ್ಲಿ ಅವರು ಮೂಡಬಿದ್ರೆಯ ನಮ್ಮ ಮನೆಗೆ ಔತಣಕ್ಕೆ ಬಂದಾಗ ಆದದ್ದನ್ನು ಹೇಳಬೇಕು. ಹೊಸ ಅಳಿಯ ಎಂದರೆ ಚಾವಡಿಯಲ್ಲಿ ಚಾಪೆಯ ಮೇಲೆ ಗಂಭೀರವಾಗಿ ಕೂತಿರಬೇಕು. ಇವರು ನೇರ ಅಡುಗೆಮನೆಗೆ ಬಂದರು. ಅಮ್ಮ ಕೈಯ ಸೌಟು ಕೆಳಗಿಟ್ಟು ನಿಂತುಬಿಟ್ಟಳು. ಮೂಲೆಯಲ್ಲಿ ಅಕ್ಕ ಹಾಕಿಟ್ಟಿದ್ದ ಹಲಸಿನ ಸೊಳೆಯ ಭರಣಿ ಇತ್ತು. ಬೆಳೆದ ಕಾಯಿಯ ಸೊಳೆಗಳನ್ನು ಬಿಡಿಸಿ ಉಪ್ಪಿನಲ್ಲಿ ಹಾಕಿಡುವುದು, ಮಳೆಗಾಲಕ್ಕೆ ಪಲ್ಯಕ್ಕೂ ರೊಟ್ಟಿಗೂ ಆಗುತ್ತದೆ. ತೊಳೆದು ಹಿಂಡದೆ ಅದನ್ನು ಯಾರೂ ತಿನ್ನುವುದಿಲ್ಲ. ಭಾವ ಮುಚ್ಚಳ ತೆಗೆದು, ಉಪ್ಪುನೀರಿನಿಂದ ಒಂದು ಸೊಳೆ ಎತ್ತಿ, ಹಾಗೆಯೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಇದನ್ನು ಹಾಕಿದ್ದು ಯಾರು ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿಕೊಂಡು ನಾನು ಎಂದಳು. ಅವಳು ಗಂಡನೊಂದಿಗೆ ಎಲ್ಲರೆದುರು ಆಡಿದ ಮೊದಲ ಮಾತು ಅದು.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ಎರಡನೆಯ ಕ್ಲಾಸಿಗೆ ಬಿಡಿಸಿದ್ದರು. ನಾನು ಚಿಕ್ಕವಳು, ಹಟ ಮಾಡಿ ಓದಿ ಟೀಚರಾದೆ, ವೇಣೂರಿನ ಶಾಲೆಯಲ್ಲೇ ಕೆಲಸ ಸಿಕ್ಕಿತು. ಅಕ್ಕನ ಮನೆಯಲ್ಲೇ ಉಳಿದುಕೊಂಡೆ. ಭಾವ ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರು. ಬಂದರೆ ಎರಡು ತಿಂಗಳು ಒಲೆಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಪಂಜಾಬಿನವರ ರೊಟ್ಟಿ, ಮದರಾಸಿನವರ ಕೋಳಿ, ಯಾವುದೋ ಗುಡ್ಡದ ಕಡೆಯವರ ಬಿದಿರು ಕಳಲೆಯ ಸಾರು, ಎಲ್ಲವನ್ನೂ ಮಾಡಿ ಮಾಮಿಯ ಎದುರಿಗಿಟ್ಟು ಮುಖ ನೋಡುತ್ತಾ ನಿಲ್ಲುವರು. ಉಳಿದ ಹತ್ತು ತಿಂಗಳು ಕಾಗದಗಳು. ಕಾಗದ ಓದುವ ಅಧಿಕಾರ ನನ್ನದು. ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಚಾವಡಿಯಲ್ಲಿ ಎಲ್ಲರನ್ನೂ ಕೂರಿಸಿ, ಗಂಟಲು ಸರಿಮಾಡಿಕೊಂಡು, ಪಾಠ ಓದುವ ಹಾಗೆ ಓದುತ್ತಿದ್ದೆ.

ಐವತ್ತಮೂರರಲ್ಲಿ ಕೊರಿಯಾದ ಯುದ್ಧ ನಿಂತಾಗ ಅಲ್ಲಿಯ ಸೆರೆಯಾಳುಗಳನ್ನು ನೋಡಿಕೊಳ್ಳಲು ನಮ್ಮ ದೇಶದಿಂದ ಒಂದು ಪಡೆ ಹಡಗಿನಲ್ಲಿ ಹೋಯಿತು. ಭಾವನೂ ಅಡುಗೆಗೆ ಹೋದರು. ಡಿಸೆಂಬರಿನಲ್ಲಿ ಅವರ ಕಾಗದ ಬಂತು. ಮಿಲಿಟ್ರಿಯವರಿಗೆ ಕೊಡುವ ತೆಳು ಕಾಗದ, ಅದನ್ನೇ ಮಡಚಿ ಅಂಟಿಸಿದರೆ ಲಕೋಟೆಯಾಗುತ್ತದೆ. ನಾನು ಅಂಚು ಹರಿದು, ಎಂದಿನಂತೆ ಮೊದಲು ಕಣ್ಣಾಡಿಸದೆ, ಮಾಮಿ ಮತ್ತು ಅಕ್ಕನ ಎದುರು ಗಟ್ಟಿಯಾಗಿ ಓದಲು ಶುರುಮಾಡಿದೆ. ಅದರ ಒಂದೊಂದು ಸಾಲೂ ನನಗೆ ಈಗಲೂ ಬಾಯಿಪಾಠ.

‘ಇಲ್ಲಿಯ ಚಳಿ ಬರೆದು ಮುಗಿಯುವುದಿಲ್ಲ. ಬೆಳಿಗ್ಗೆ ಬಾಲ್ದಿಯ ನೀರು ಕಲ್ಲಾಗಿರುತ್ತದೆ. ಈ ಚಳಿಯಲ್ಲಿ ನನ್ನನ್ನು ಬದುಕಿಸಿದ್ದು ಕೆಂಚಿ. ಮೊದಮೊದಲು ವಾಸನೆಗೆ ಹೇಸಿ ಹತ್ತಿರ ಹೋಗಿರಲಿಲ್ಲ. ಈಗ ಅಭ್ಯಾಸವಾಗಿದೆ. ಕೆಂಚಿ ಇಲ್ಲದೆ ಅನ್ನ ಸೇರುವುದಿಲ್ಲ. ಇಲ್ಲಿ ಎಲ್ಲರ ಮನೆಯಲ್ಲಿಯೂ ಕೆಂಚಿ ಉಂಟು, ದೊಡ್ಡ ಮನೆಗಳಲ್ಲಿ ಮೂರು ನಾಲ್ಕು ಇರುವುದೂ ಉಂಟು. ಅದನ್ನು ಊರಿಗೆ ತರಬೇಕೆಂದು ಬಹಳ ಆಸೆ. ಹಡಗಿನಲ್ಲಿ ಬಿಡಲಿಕ್ಕಿಲ್ಲ.’

ಇಷ್ಟು ಓದುವಷ್ಟರಲ್ಲಿ ಅಕ್ಕ ಎದ್ದು ಒಳಗೆ ಹೋಗಿದ್ದಳು. ಉಳಿದದ್ದು ಅವರಿವರ ಕ್ಷೇಮ ಸಮಾಚಾರ, ಕೊನೆಗೆ ಸಹಿ. ಕಾಗದ ಮಡಚಿದೆ.

ಮಾಮಿ ಪಾಪ, ಅದು ದನವೇ ಇರಬೇಕು ಎಂದರು. ನಮ್ಮ ಹಟ್ಟಿಯಲ್ಲಿಯೂ ಹಿಂದೆ ಒಂದು ಕೆಂಚಿ ಇರಲಿಲ್ಲವೇ, ಹಾಲು ಕುಡಿದು ಚಳಿ ಕಳೆಯುತ್ತಿರಬೇಕು, ದನವನ್ನು ಹಡಗಿಗೆ ಹೇಗೆ ಹತ್ತಿಸುವುದು ಎಂದು ಅವರ ವಾದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಟ್ಟಿಯ ಸೆಗಣಿ ಬಾಚಿ ಬೆಳೆದವರು ದನದ ವಾಸನೆಗೆ ಹೇಸುತ್ತಾರೆಯೇ ಎಂದು ಕೇಳಿದೆ. ‘ಅದನ್ನು’ ಎಂದು ಬರೆದಿದ್ದಾನಲ್ಲ, ‘ಅವಳನ್ನು’ ಎಂದಿಲ್ಲವಲ್ಲ ಎಂದರು ಮಾಮಿ. ಅದಕ್ಕೂ ನನ್ನಲ್ಲಿ ಉತ್ತರ ಇತ್ತು. ನಮ್ಮ ಕಡೆ ಚಿಕ್ಕ ಪ್ರಾಯದ ಹೆಣ್ಣುಮಕ್ಕಳನ್ನು ಅದು ಇದು ಎನ್ನುವುದಿಲ್ಲವೇ? ಆದ್ದರಿಂದ ಈ ಕೆಂಚಿ ಇನ್ನೂ ಇಪ್ಪತ್ತು ದಾಟದವಳು ಎಂದು ವ್ಯಾಕರಣದ ಆಧಾರದಿಂದ ತೀರ್ಮಾನ ಕೊಟ್ಟೆ. ಒಳಗಿದ್ದ ಅಕ್ಕನಿಗೆ ಇದೆಲ್ಲ ಕೇಳಿಸುತ್ತಿತ್ತು. ಆಗ ಅದು ನನಗೆ ತೋಚಲಿಲ್ಲ.

ಮರುದಿನ ಅಕ್ಕ ಟ್ರಂಕು ತೆಗೆದುಕೊಂಡು ಮೂಡಬಿದ್ರೆಗೆ ಹೊರಟಳು. ನಾನೂ ಅವಳ ಜೊತೆಗೇ ಹೊರಟೆ, ಶಾಲೆಗೆ ಅಲ್ಲಿಂದಲೇ ಬಸ್ಸಿನಲ್ಲಿ ಹೋಗಿಬರತೊಡಗಿದೆ. ಅಳಲಿಲ್ಲ, ಯಾರನ್ನೂ ಬೈಯಲೂ ಇಲ್ಲ. ನಮ್ಮದು ಅಳಿಯಕಟ್ಟು, ತವರುಮನೆ ಹೆಣ್ಣಿನದೇ, ಅವಳು ಬಂದು ಕೂತರೆ ಯಾಕೆ ಬಂದೆ ಎಂದು ಕೇಳುವವರಿಲ್ಲ. ಆ ಕಾಗದವನ್ನು ಮಾತ್ರ ಅವಳು ನನ್ನಿಂದ ಕೇಳಿ ಪಡೆದಳು. ಓದಲು ಬಾರದವಳು ಅದನ್ನು ಯಾಕೆ ಇಟ್ಟುಕೊಂಡಳೋ, ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇಟ್ಟಳು.

ನಾನು ಸುಮ್ಮನಿರುವವಳಲ್ಲ. ಅಕ್ಕನ ಪರವಾಗಿ ಭಾವನಿಗೆ ಒಂದು ಕಾಗದ ಜಡಿದೆ. ಕೆಂಚಿ ಅಷ್ಟು ಪ್ರೀತಿಯಾದರೆ ಕೆಂಚಿಯೊಂದಿಗೇ ಇರಿ, ನಮಗೇನೂ ಬೇಸರವಿಲ್ಲ, ನಾವು ಇಲ್ಲಿ ಸುಖವಾಗಿದ್ದೇವೆ ಎಂದು ಬರೆದೆ. ಕುಟುಕಿ ಬರೆದದ್ದು. ಕುಟುಕು ಕಾಗದದಲ್ಲಿ ಕಾಣುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಭಾವ ಬರೆದ ಉತ್ತರ ಹೀಗಿತ್ತು: ‘ನಿಮ್ಮ ಕಾಗದ ಓದಿ ಬಹಳ ಸಂತೋಷವಾಯಿತು. ಕೆಂಚಿಯ ವಿಷಯದಲ್ಲಿ ನೀವು ಬೇಸರಿಸದೆ ಇರುವುದು ದೊಡ್ಡ ಮಾತು. ನನ್ನ ಜೊತೆಯವರ ಮನೆಗಳಲ್ಲಿ ಹೀಗೆ ಒಪ್ಪಲಿಕ್ಕಿಲ್ಲ. ಊರಿಗೆ ಬಂದ ಮೇಲೆ ನಾನೇ ಒಂದು ಮಾಡಿಕೊಳ್ಳುತ್ತೇನೆ. ನೀಲಾವತಿಗೆ ಏನೂ ತೊಂದರೆ ಕೊಡುವುದಿಲ್ಲ. ಅವಳಿಗೂ ನಿಧಾನಕ್ಕೆ ಹಿಡಿಸುತ್ತದೆ.’

ಮಾಡಿಕೊಳ್ಳುವುದು ಎಂದರೆ ನಮ್ಮಲ್ಲಿ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೊಡ್ಡ ಮಾವ, ಎಂದರೆ ತವರುಮನೆಯ ಯಜಮಾನರು, ಇದನ್ನು ಕೇಳಿ ಎಲೆ ಅಡಿಕೆಯ ತಟ್ಟೆ ದೂರ ಸರಿಸಿದರು. ಮೇ ತಿಂಗಳಿನ ಪತ್ತನಾಜೆಗೆ ಊರಿನ ಹಬ್ಬ ಜಾತ್ರೆಗಳ ದಿನ ಮುಗಿಯುತ್ತದೆ. ಅದು ಕಳೆದ ಮರುದಿನ ತಾನೇ ವೇಣೂರಿಗೆ ಹೋಗಿ ಹತ್ತು ಜನರೆದುರು ಸಂಬಂಧ ಬಿಡಿಸಿ ಬರುತ್ತೇನೆ ಎಂದರು. ಅಕ್ಕ ಬೇಡ ಎನ್ನಲಿಲ್ಲ. ಆದರೆ ಆ ವರ್ಷ ಹಲಸು ಬೆಳೆದರೂ ಅವಳು ಭರಣಿ ಮುಟ್ಟಲಿಲ್ಲ. ಅಮ್ಮ ಎರಡು ಸಲ ನೆನಪು ಮಾಡಿದಳು. ಯಾರಿಗೆ ಎಂದು ಅಕ್ಕ ಕೇಳಿದಳು, ಅಷ್ಟೇ.

ಮಾರ್ಚ್ ಕೊನೆಯಲ್ಲಿ ಭಾವ ಎರಡು ತಿಂಗಳ ರಜೆಯಲ್ಲಿ ಊರಿಗೆ ಬಂದರು. ಮಾಮಿಯ ಬಾಯಿಂದ ವಿಷಯ ಕೇಳಿ ಅವರಿಗೆ ನಗು ತಡೆಯಲಿಲ್ಲವಂತೆ. ನಗುತ್ತಲೇ ಬಸ್ಸು ಹತ್ತಿ ನಗುತ್ತಲೇ ನಮ್ಮ ಜಗಲಿಗೆ ಬಂದರು. ಕೆಂಚಿ ಎಂದರೆ ಕೋಸಿನ ಉಪ್ಪಿನಕಾಯಿ ಎಂದು ಹೊಟ್ಟೆ ಹಿಡಿದುಕೊಂಡು ಹೇಳಿದರು. ಅತ್ತು ಹೇಳಿದ್ದರೆ ಅಕ್ಕ ನಂಬುತ್ತಿದ್ದಳೋ ಏನೋ. ನಾಲ್ಕು ತಿಂಗಳಿಗೆ ಹತ್ತಿರ ಅವಳು ಸರಿಯಾಗಿ ಉಂಡಿರಲಿಲ್ಲ, ಇವರು ನೋಡಿದರೆ ನಗುತ್ತಿದ್ದಾರೆ. ಅವಳು ಒಳಗಿನಿಂದ ಬಾಗಿಲು ಮುಂದೆ ಮಾಡಿದಳು. ಭಾವ ಕಾಗದದ ಮಾತು ತೆಗೆದರು, ಕಾಗದ ಸರಿಯಾಗಿ ಓದಿದ್ದೀಯಾ ಎಂದು ನನ್ನನ್ನು ಕೇಳಿದರು. ಓದು ಬರುತ್ತದೆಯೇ ಎಂದು ಕೇಳಿದ ಹಾಗಾಯಿತು ನನಗೆ.

“ಭಾವ, ನಿಮ್ಮ ಕಾಗದ ಒಂದಕ್ಷರ ಬಿಡದೆ ಓದಿದ್ದೇನೆ,” ಎಂದೆ. “ಎಲ್ಲ ಗೊತ್ತುಂಟು ನಮಗೆ.”

ಭಾವನ ನಗು ಅಲ್ಲಿಗೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಬಾಗಿಲಿನ ಕಡೆಗೆ ತಿರುಗಿ, ಹಾಗಾದರೆ ಮಾಡಿಯೇ ತೋರಿಸುತ್ತೇನೆ ಎಂದರು. ತೋರಿಸಿ, ಆಮೇಲೆ ಮಾತಾಡುವ ಎಂದು ಬಾಗಿಲಿನ ಒಳಗಿನಿಂದ ಅಕ್ಕ ಹೇಳಿದಳು.

ಮಾಡಲು ಕೋಸು ಬೇಕು. ಆಗ ನಮ್ಮ ಕಡೆ ಕೋಸು ಎಂದರೆ ಮಂಗಳೂರಿನ ದೊಡ್ಡವರ ಮನೆಯ ತರಕಾರಿ. ಬಂಟ್ವಾಳ ಪೇಟೆಯಲ್ಲಿ ಜೀನಸಿನ ಅಂಗಡಿ ಇಟ್ಟಿದ್ದ ಯಾಕೂಬ್ ಭಾವನ ಹಳೆಯ ಸ್ನೇಹಿತರು, ವಾರಕ್ಕೊಮ್ಮೆ ಮಂಗಳೂರಿಗೆ ಹೋಗುವವರು. ಐದು ಕೋಸು ಯಾಕೆ ಮಾರಾಯ, ಮದುವೆ ಉಂಟಾ ಎಂದು ಅವರು ಕೇಳಿದರಂತೆ. ಇದ್ದ ಮದುವೆ ಉಳಿಸಲಿಕ್ಕೆ ಎಂದರಂತೆ ಭಾವ. ಯಾಕೂಬ್ ಮತ್ತೆ ಏನೂ ಕೇಳದೆ ಐದರ ಬದಲು ಏಳು ತಂದುಕೊಟ್ಟರು.

ಮುಂದಿನದು ನಾನು ಕಂಡದ್ದಲ್ಲ. ವೇಣೂರಿನ ಮನೆಯ ಗದ್ದೆ ಕೆಲಸಕ್ಕೆ ಬರುವ ಹುಕ್ರಪ್ಪನೇ ನನಗೆ ಹೇಳಿದ್ದು. ಕೊರಿಯಾದಲ್ಲಿ ಕೆಂಚಿಯ ಭರಣಿಯನ್ನು ಅಂಗಳದಲ್ಲಿ ಕುತ್ತಿಗೆಯವರೆಗೆ ಹೂಳುತ್ತಾರೆ. ಕ್ಯಾಂಪಿನ ಅಡುಗೆಮನೆಯ ಹತ್ತಿರ ಇದ್ದ ಒಬ್ಬ ಮುದುಕ ಸೆರೆಯಾಳು ಭಾವನಿಗೆ ಅದನ್ನೆಲ್ಲ ಕೈಸನ್ನೆಯಲ್ಲೇ ಕಲಿಸಿದ್ದನಂತೆ. ಭಾವ ಹಾಗೆಯೇ ಮಾಡಿದರು. ಬೆಳಿಗ್ಗೆ ಹುಕ್ರಪ್ಪ ಬಂದು ನೋಡುತ್ತಾನೆ, ಅಂಗಳದಲ್ಲಿ ಹೊಸ ಮಣ್ಣು, ಮಣ್ಣಿನ ನಡುವೆ ಮಡಕೆಯ ಬಾಯಿ, ಅದೂ ಹೆಂಡತಿ ಬಿಟ್ಟುಹೋದ ಮನೆಯಲ್ಲಿ. ಯಾರೋ ಮಾಟ ಮಾಡಿ ಹೂತಿದ್ದಾರೆ ಎಂದು ಅವನಿಗೆ ಅನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಭಾವ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಮೂರನೆಯ ದಿನ ಏಪ್ರಿಲ್ ಬಿಸಿಲಿಗೆ ಒಳಗಿನ ಹುಳಿ ಉಕ್ಕಿ, ಮುಚ್ಚಳ ಡಬ್ಬೆಂದು ಹಾರಿ, ಕೆಂಪು ನೀರು ಗುಳ್ಳೆಗುಳ್ಳೆಯಾಗಿ ಅಂಗಳಕ್ಕೆ ಹರಿಯಿತು. ಮಾಟ ತೆಗೆಸುವಾಗ ಚೆಲ್ಲುವ ಕೆಂಪು ನೀರಿನ ಹಾಗೆಯೇ ಇತ್ತಂತೆ. ಮಾಮಿ ಒಳಗೆ ಓಡಿದರು. ಭಾವ ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಹುಕ್ರಪ್ಪ ಯಜಮಾನರ ಮನೆ ಉಳಿಸಬೇಕೆಂದು ದೂರದಲ್ಲಿ ನಿಂತು ಉದ್ದದ ಬಿದಿರು ಗಳದಿಂದ ಮಡಕೆಯನ್ನು ಒಡೆದುಹಾಕಿದ.

ಭಾವ ಬಂದವರು ಬೈಯಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಮಣ್ಣಾಗದ ಒಂದು ಎಲೆ ಆರಿಸಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಉಪ್ಪು ಒಂದು ಚೂರು ಕಡಿಮೆಯಾಗಿದೆ ಹುಕ್ರಪ್ಪ, ಅದಕ್ಕೇ ಉಕ್ಕಿದ್ದು ಎಂದರಂತೆ. ಮಾಟದ ವಸ್ತು ತಿಂದ ಯಜಮಾನರು ಸಾಯುತ್ತಾರೆ ಎಂದು ಹುಕ್ರಪ್ಪ ಸಂಜೆಯವರೆಗೂ ಅಂಗಳದಲ್ಲೇ ಕೂತು ಕಾದ. ಈ 'ಸಾಯಬೇಕಾದವರು' ಅವನಿಗೇ ಚಾ ಮಾಡಿಕೊಟ್ಟರು. ಇಂಥ ಮನುಷ್ಯನ ಮೇಲೆ ನಾನು ಆಗ ಸಿಟ್ಟು ಮಾಡಿಕೊಂಡಿದ್ದೆನಲ್ಲ ಎಂದು ಈಗ ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಎರಡನೆಯ ಸಲ ಯಾಕೂಬರಿಗೆ ಕೋಸು ಸಿಗಲಿಲ್ಲ. ಸೆಕೆಗೆ ಘಟ್ಟದಿಂದ ಬರುವುದೇ ನಿಂತಿತ್ತು. ಮೂರು ವಾರ ಹೋದವು. ಪತ್ತನಾಜೆಗೆ ಇನ್ನು ಹತ್ತೇ ದಿನ ಎನ್ನುವಾಗ ಭಾವ ಕೋಸಿನ ಆಸೆ ಬಿಟ್ಟು ಮನೆಯ ಹಿಂದಿನ ಹಲಸಿನ ಮರದಿಂದ ಒಂದು ಬೆಳೆದ ಕಾಯಿ ಇಳಿಸಿದರು. ಸೊಳೆ ಬಿಡಿಸಿ, ಕೋಸಿಗೆ ಹಚ್ಚುವ ಮಸಾಲೆಯನ್ನೇ ಅದಕ್ಕೆ ಹಚ್ಚಿದರು. ಈ ಸಲ ಭರಣಿಯನ್ನು ಹೂತದ್ದು ಅಂಗಳದಲ್ಲಲ್ಲ, ಹೊಳೆಯ ಬದಿಯ ಒದ್ದೆ ಮರಳಿನಲ್ಲಿ, ನೆರಳಿರುವ ಕಡೆ. ನಾಲ್ಕು ದಿನ ದನ ಕಾಯುವವರ ಹಾಗೆ ಅಲ್ಲೇ ಕೂತಿದ್ದರು.

ಪತ್ತನಾಜೆಯ ಹಿಂದಿನ ದಿನ ಮಧ್ಯಾಹ್ನ ಅವರು ಮೂಡಬಿದ್ರೆಗೆ ಬಂದರು. ಭರಣಿಯನ್ನು ಮಿಲಿಟ್ರಿ ಕಂಬಳಿಯಲ್ಲಿ ಸುತ್ತಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಬಸ್ಸಿನಲ್ಲಿ ವಾಸನೆ ಹಬ್ಬಿ, ಯಾರದೋ ಬುಟ್ಟಿಯಲ್ಲಿ ಮೀನು ಹಾಳಾಗಿದೆ ಎಂದು ಕಂಡಕ್ಟರು ಎಲ್ಲರ ಬುಟ್ಟಿ ಬಿಚ್ಚಿಸಿ ನೋಡಿದನಂತೆ. ಕೊನೆಗೆ ಭಾವನೇ ಒಪ್ಪಿಕೊಂಡು, ಭರಣಿಯೊಂದಿಗೆ ಬಸ್ಸಿನ ಮೇಲೆ ಹತ್ತಿ ಕೂತು ಬಂದರು. ನಮ್ಮ ಜಗಲಿ ಏರಿದಾಗ ಮುಖ ತಲೆಯೆಲ್ಲ ಕೆಂಪು ಧೂಳು. ಆ ಸಲ ಅವರು ನಗುತ್ತಿರಲಿಲ್ಲ.

ದೊಡ್ಡ ಮಾವ ಕಂಬಕ್ಕೆ ಒರಗಿ ಕೂತಿದ್ದರು. ಅಮ್ಮ ಬಾಗಿಲಲ್ಲಿ ನಿಂತಳು. ಅಕ್ಕ ಹೊರಗೆ ಬಂದಳು, ಮಾತು ಕೊಟ್ಟಿದ್ದಳಲ್ಲ. ಭಾವ ಭರಣಿಯನ್ನು ನೆಲದ ಮೇಲಿಟ್ಟು, ಅದರ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಬಾಳೆಲೆಯ ತುಂಡಿನಲ್ಲಿ ಎರಡು ಸೊಳೆ ಹಾಕಿ ಅವಳ ಮುಂದೆ ಇಟ್ಟರು. ವಾಸನೆಗೆ ಮಾವ ಶಾಲಿನಿಂದ ಮೂಗು ಮುಚ್ಚಿಕೊಂಡರು. ಅಕ್ಕ ಒಂದು ಸೊಳೆ ತೆಗೆದು ಕಚ್ಚಿದಳು. ಜಗಿದಳು. ನಾವೆಲ್ಲ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಅವಳ ಕಣ್ಣಿನಲ್ಲಿ ನೀರು ಬಂತು, ಅದು ಮೆಣಸಿನದೋ ಏನೋ ನನಗೆ ತಿಳಿಯಲಿಲ್ಲ.

“ಇದು ಕೊರಿಯಾದ್ದಲ್ಲ,” ಎಂದಳು. “ಇದು ನನ್ನ ಭರಣಿಯ ಹುಳಿ. ಮೆಣಸು ಹಚ್ಚಿದ ಮಾತ್ರಕ್ಕೆ ನನಗೆ ಗೊತ್ತಾಗುವುದಿಲ್ಲವಾ? ನನ್ನದನ್ನೇ ನನಗೆ ತಂದು ಮೋಸ ಮಾಡ್ತೀರಾ?”

ನನಗೂ ಹಾಗೆಯೇ ಕಂಡಿತು. ಮಾವ ಎದ್ದು ಶಾಲು ಕೊಡವಿದರು, ಮಾತು ಮುಗಿಯಿತು ಎನ್ನುವ ಹಾಗೆ. ಭಾವನ ಮುಖ ಸಣ್ಣದಾಯಿತು. ಭರಣಿಯ ಬಾಯಿಗೆ ಬಟ್ಟೆ ಮುಚ್ಚುತ್ತಾ, ತಗ್ಗಿದ ದನಿಯಲ್ಲಿ ಹೇಳಿದರು:

“ಅದರ ರುಚಿ ಹೀಗೆಯೇ ನೀಲಾ. ಕೋಸಿನಲ್ಲಿ ಮಾಡಿದ್ರೂ ಹೀಗೆಯೇ. ನಾನು ಬರೆದಿದ್ದೆನಲ್ಲ. ಓದಿಯೂ ನಂಬದವರಿಗೆ ಇನ್ನು ಏನು ಹೇಳ್ಲಿ?”

ಎಲ್ಲಿ ಬರೆದಿದ್ದೀರಿ ಎಂದು ಅಕ್ಕ ಕೇಳಿದಳು. ಮೊದಲಿನ ಕಾಗದದಲ್ಲಿ ಎಂದರು ಭಾವ. ಹಾಗೇನೂ ಇಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಅಕ್ಕ ಒಳಗೆ ಹೋಗಿ ಟ್ರಂಕು ತೆರೆದು ಕಾಗದ ತಂದು ನನ್ನ ಕೈಗೆ ಕೊಟ್ಟಳು. ನಾನು ಬಿಡಿಸಿ, ಸಹಿಯವರೆಗೆ ಬೆರಳಿಟ್ಟು ತೋರಿಸಿದೆ. ಭಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿದರು. ಅಂಟು ಹಚ್ಚುವ ತುದಿಯ ಮಡಿಕೆ ಒಳಮುಖವಾಗಿ ಹಾಗೆಯೇ ಅಂಟಿಕೊಂಡಿತ್ತು. ನಾನು ಅಂದು ಅವಸರದಲ್ಲಿ ಬೇರೆ ಅಂಚನ್ನು ಹರಿದಿದ್ದೆ. ಈ ಮಡಿಕೆಯನ್ನು ಬಿಡಿಸಿಯೇ ಇರಲಿಲ್ಲ.

“ಒಂದಕ್ಷರ ಬಿಡದೆ ಓದಿದ್ದೇನೆ ಅಂದಿದ್ದಿಯಲ್ಲ ಸ್ವರ್ಣಾ,” ಎಂದರು ಭಾವ. ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ತಲೆಯ ಪಿನ್ನು ತೆಗೆದು ಮಡಿಕೆ ಬಿಡಿಸಿದೆ. ಒಳಗೆ ಸಣ್ಣ ಅಕ್ಷರದಲ್ಲಿ ಐದಾರು ಸಾಲು ಇತ್ತು. ಓದಬೇಕಾದವಳು ನಾನೇ, ಆ ಮನೆಯಲ್ಲಿ ಕಾಗದ ಓದುವ ಅಧಿಕಾರ ನನ್ನದಲ್ಲವೇ? ಓದಿದೆ.

‘ಸ್ವರ್ಣಾ, ಕಾಗದದಲ್ಲಿ ಜಾಗ ಮುಗಿಯಿತು. ಮುಖ್ಯ ಮಾತೇ ಬಿಟ್ಟುಹೋಯಿತು. ಕೆಂಚಿ ಎಂದರೆ ಇಲ್ಲಿಯವರು ಭರಣಿಯಲ್ಲಿ ಹಾಕುವ ಉಪ್ಪಿನಕಾಯಿ. ತಿಂದರೆ ನಮ್ಮ ನೀಲಾವತಿ ಹಾಕುವ ಹಲಸಿನ ಸೊಳೆಯದೇ ಹುಳಿ. ಕಣ್ಣು ಮುಚ್ಚಿದರೆ ಮನೆಯಲ್ಲಿ ಇದ್ದ ಹಾಗೆ ಆಗುತ್ತದೆ. ಅದಕ್ಕೇ ಬಿಡಲಾಗುವುದಿಲ್ಲ. ಇಷ್ಟನ್ನು ಮಾತ್ರ ಅವಳಿಗೆ ಓದಿ ಹೇಳು.’

ಇನ್ನೊಮ್ಮೆ ಓದು ಎಂದಳು ಅಕ್ಕ. ಓದಿದೆ. ಕೊನೆಯದನ್ನು ಇನ್ನೊಮ್ಮೆ ಎಂದಳು. ಅದನ್ನೂ ಓದಿದೆ. ಮೂರನೆಯ ಸಲ ನನ್ನಿಂದ ಆಗಲಿಲ್ಲ, ಅಳು ಬಂತು. ಮಾವ ಮೆಲ್ಲಗೆ ಮೆಟ್ಟು ಹಾಕಿಕೊಂಡು ತೋಟದ ಕಡೆ ಹೋದರು. ಅಕ್ಕ ಎಲೆಯಲ್ಲಿ ಉಳಿದಿದ್ದ ಇನ್ನೊಂದು ಸೊಳೆಯನ್ನೂ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ತಿಂದು ಮುಗಿಸಿದಳು. ಆಮೇಲೆ ಗಂಡನ ಮುಖ ನೋಡಿದಳು.

“ಮೆಣಸು ಜಾಸ್ತಿ ಆಯ್ತು,” ಎಂದಳು. “ಇನ್ನು ನಾನೇ ಹಾಕ್ತೇನೆ. ಮುಖ ತೊಳೆದು ಬನ್ನಿ, ಊಟ ಮಾಡುವ.”

ಈಗ, ಮಿಲಿಟ್ರಿ ಬಿಟ್ಟು ಬಂದ ಭಾವ ಗುರುವಾಯನಕೆರೆಯಲ್ಲಿ ಇಟ್ಟ ಹೋಟೆಲಿನಲ್ಲಿ ಬಡಿಸುವ ಕೆಂಚಿ ಅಕ್ಕ ಹಾಕುವುದು. ಕೋಸು ಸಿಕ್ಕಿದಾಗ ಕೋಸಿನದು, ಹಲಸಿನ ಕಾಲಕ್ಕೆ ಸೊಳೆಯದು. ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಮೂಗು ಮುಚ್ಚಿಕೊಳ್ಳದೆ ತಿನ್ನಲು ಬರುತ್ತದೆ. ಹುಕ್ರಪ್ಪ ಇಂದಿಗೂ ಮುಟ್ಟುವುದಿಲ್ಲ. ಭಾವ ಕೆಲಸದ ನಡುವೆ ಗಿರಾಕಿಗಳಿಗೆ ಕೊರಿಯಾದ ಕಥೆ ಹೇಳುತ್ತಾರೆ. ಒಣಗಿಸಿದ ಬೊಂಡಾಸು ಮೀನನ್ನು ಹೇಗೆ ಅಗಿಯುವುದು, ಸಮುದ್ರದ ಪಾಚಿಯನ್ನು ಹಾಳೆ ಮಾಡಿ ಹೇಗೆ ತಿನ್ನುತ್ತಾರೆ, ಬೇಯಿಸಿದ ರೇಷ್ಮೆಹುಳಕ್ಕೆ ನೆಲಗಡಲೆಯ ರುಚಿ ಹೇಗೆ ಬರುತ್ತದೆ, ಎಲ್ಲ. ಡಬ್ಬಿಯ ಚೀಸು ಒಂದು ಮಾತ್ರ ತನಗೆ ಬಟ್ಟೆ ಸಾಬೂನಿನ ಹಾಗೆ ಆಯಿತು ಎನ್ನುತ್ತಾರೆ. ಅದನ್ನೂ ಬಿಸಾಡದೆ ತಿಂದರಂತೆ. ನನ್ನ ಹೆಸರು ಆ ಕಥೆಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಕಾಗದ ಓದಿದವಳು ಯಾರು ಎಂದು ಯಾರಾದರೂ ಕೇಳಿದರೆ, ಭಾವ ಮರೆತುಹೋಗಿದೆ ಎಂದು ಒಳಗೆ ಹೋಗಿಬಿಡುತ್ತಾರೆ.

ಅಕ್ಕ ಮಾತ್ರ ಮರೆಯಲಿಲ್ಲ. ಆ ವರ್ಷ ಭಾವ ರಜೆ ಮುಗಿಸಿ ಹೋದ ಮೇಲೆ, ಮಳೆಗಾಲದಲ್ಲಿ, ಅವಳು ನನ್ನ ಹಳೆಯ ಸ್ಲೇಟು ಹಿಡಿದುಕೊಂಡು ಬಂದು ನನ್ನ ಎದುರು ಕೂತಳು. ಬೈದುಕೊಂಡೇ ಕಲಿಸಿದೆ, ಬೈಸಿಕೊಂಡೇ ಕಲಿತಳು. ದೀಪಾವಳಿಗೆ ಭಾವನ ಕಾಗದ ಬಂತು. ನಾನು ಅಭ್ಯಾಸದಿಂದ ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ಜಗಲಿಯ ಬೆಳಕಿಗೆ ಹೋಗಿ, ಮೂರೂ ಮಡಿಕೆ ಬಿಡಿಸಿ, ಅಂಟಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ಒಳಗೆ ಇಣುಕಿ ನೋಡಿ, ಆಮೇಲೆ ಮೊದಲಿನ ಸಾಲಿಗೆ ಬೆರಳಿಟ್ಟು ತಾನೇ ಓದತೊಡಗಿದಳು.